ಬೋಣಿಯಾಗದೆ ಬಂದ ದಿನ

ಈ ಸಲವೂ ನಾನು ಹೊರಡುವ ಹೊತ್ತಿಗೆ ನಮ್ಮನೆಯವರು ಒಂದು ಪಾತ್ರೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಸುತಳಿ ಬಿಗಿದು ಕೈಗೆ ಕೊಟ್ಟರು. ಏನು ಎತ್ತ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಶಿರಾಳಕೊಪ್ಪದಿಂದ ಸೊರಬ, ಅಲ್ಲಿ ಬಸ್ಸು ಬದಲಿಸಿ ಚಂದ್ರಗುತ್ತಿ ದಾರಿ. ಅಷ್ಟು ಹೊತ್ತೂ ಆ ಗಂಟು ನನ್ನ ತೊಡೆಯ ಮೇಲಿತ್ತು. ಬಿಸಿಲಿಗೆ ಕಾದ ಪೇಪರಿನ ಮಸಿ, ಒಳಗಿನ ಹೊಸ ಸ್ಟೀಲು, ಎರಡೂ ಸೇರಿ ಒಂದು ವಾಸನೆ ಏಳುತ್ತದೆ. ಪಾತ್ರೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದ ನನಗೆ ಅದು ಗಂಡನ ಅಂಗಿಯ ವಾಸನೆಯೂ ಹೌದು. ಇಳಿದು ಬೀಗ ತೆಗೆದೆ. ಮಳೆಗಾಲದಿಂದ ಮುಚ್ಚಿದ್ದ ಕೋಣೆಯೊಳಗಿನ ತಗಡಿನ ಧಗೆ ಮುಖಕ್ಕೆ ಹೊಡೆಯಿತು. ಗೋಡೆಯ ಗೂಡಿನಲ್ಲಿ ರಕ್ತ ಹೀರುವ ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಇಟ್ಟಲ್ಲೇ ಇತ್ತು. ಮುಚ್ಚಳ ತೆಗೆದು ಮೂಸಿದ್ದೇ ತಡ, ಈ ಜಾಗಕ್ಕೆ ಮೊದಲು ಬಂದ ಬೇಸಿಗೆ ಪೂರ್ತಿ ನೆನಪಿಗೆ ಬಂತು.

ನಾವಿಬ್ಬರೂ ಜೊತೆಯಾಗಿ ಎಲ್ಲಿಗೂ ಹೋದವರಲ್ಲ. ನಂಟರ ಮದುವೆಗೆ ಕೂಡ ಒಬ್ಬರು ಹಿಂದಿನ ರಾತ್ರಿ ಹೋಗಿ ಬಂದರೆ ಇನ್ನೊಬ್ಬರು ಧಾರೆಗೆ ಹೋಗುವುದು. ಅಂಗಡಿ ಮಾತ್ರ ತೆರೆದೇ ಇರಬೇಕು. ಶಿರಾಳಕೊಪ್ಪದ ಪೇಟೆಯಲ್ಲಿ ನಮ್ಮ ಮಾವನವರು ಹಾಕಿದ ಪಾತ್ರೆ ಅಂಗಡಿ ಅದು. ಬೆಳಗಿನ ಮೊದಲ ವ್ಯಾಪಾರ, ಅಂದರೆ ಬೋಣಿ, ಯಜಮಾನನ ಕೈಯಿಂದಲೇ ಆಗಬೇಕು ಅನ್ನುವುದು ಅವರ ಕಾಲದಿಂದ ಬಂದ ಪದ್ಧತಿ. ಮಾವನವರು ತೀರಿಕೊಂಡ ಮೇಲೆ ಆ ಪಟ್ಟ ಇವರಿಗೆ ಬಂತು. ಜ್ವರ ಬಂದರೆ ಶಾಲು ಹೊದ್ದು ಹೋಗಿ, ಒಂದು ಚಮಚೆಯನ್ನಾದರೂ ಮಾರಿ, ಮನೆಗೆ ಬಂದು ಮಲಗುತ್ತಿದ್ದರು. ಸ್ವಂತ ಮಗಳ ಮದುವೆಯ ದಿನವೂ ಬೋಣಿ ಮುಗಿಸಿಕೊಂಡೇ ಛತ್ರಕ್ಕೆ ಬಂದ ಮನುಷ್ಯ. ಪುರೋಹಿತರು ಹುಡುಗಿಯ ತಂದೆ ಎಲ್ಲಿ ಅಂತ ಕೂಗುತ್ತಿದ್ದರೆ, ನಾನು ಮುಖವನ್ನು ಎಲ್ಲಿ ಇಟ್ಟುಕೊಳ್ಳಲಿ ಹೇಳಿ.

ಮಗಳು ಹುಬ್ಬಳ್ಳಿಗೆ ಹೋದ ಮೇಲೆ ಮನೆ ಬಿಕೋ ಅನ್ನತೊಡಗಿತು. ಒಂದು ದಿನ ಊಟಕ್ಕೆ ಬಡಿಸುತ್ತಾ ಅಂದೆ, "ಎಲ್ಲಾರ ಹೋಗಿ ಒಂದಿನ ಸುಮ್ನ ಕೂರೋಣ್ರೀ. ದೇವ್ರೂ ಬ್ಯಾಡ, ನಂಟ್ರೂ ಬ್ಯಾಡ. ನಾವಿಬ್ರೇ ಕೂತು ಬರೋಣ." ಅವರು ಮಜ್ಜಿಗೆ ಸುರಿದುಕೊಂಡು ಎದ್ದು ಹೋದರು. ಗೋಡೆಗೆ ಹೇಳಿದ ಹಾಗಾಯಿತು ಅಂದುಕೊಂಡು ನಾನೂ ಮರೆತೆ. ಕೆಲವು ತಿಂಗಳು ಕಳೆದ ಮೇಲೆ ಒಂದು ಸಂಜೆ ಚಪ್ಪಲಿ ಬಿಡುತ್ತಾ, "ಕೂರೋಣ ಅಂದಿದ್ದಿ ಅಲ್ಲೇನು, ಅದಕ್ಕೊಂದು ಜಾಗ ತಗಂಡೀನಿ," ಅಂದರು.

ಚಂದ್ರಗುತ್ತಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಕೆಲವು ಗುಂಟೆ ಜಾಗ. ಯಾರೋ ಕಟ್ಟಲು ಶುರು ಮಾಡಿ ಅರ್ಧಕ್ಕೆ ಬಿಟ್ಟ ಒಂದು ಕೋಣೆ, ಒಂದು ಹಲಸಿನ ಮರ. ಇಷ್ಟು ವಿವರವನ್ನು ಅವರು ಗಿರಾಕಿಯೊಬ್ಬರ ಬಾಯಲ್ಲಿ ಕೇಳಿದ್ದು, ಅಷ್ಟೆ. ಗಲ್ಲಾದ ಮುಂದೆ ಕೂತಲ್ಲೇ ಮಾತು ಮುಗಿಸಿದ್ದರು. ನೋಡದೆ ಹೇಗ್ರೀ ತಗೊಂಡ್ರಿ ಅಂತ ಜಗಳ ತೆಗೆಯಬೇಕಿತ್ತು ನಾನು. ಅದರ ಬದಲು ಹೋಳಿಗೆ ಮಾಡಿದೆ.

"ನೀನು ಹೋಗಿ ಎಲ್ಲ ಸರಿ ಮಾಡ್ಸು," ಅಂದರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ. "ಸರಿ ಆದ ಮ್ಯಾಲೆ ನಾನೂ ಬರ್ತೀನಿ. ಹಾಲು ಉಕ್ಕಿಸೋಣ. ವಾರಕ್ಕೊಂದಿನ ಇದ್ದು ಬರೋಣಂತ."

ಆ ಒಂದು ಮಾತನ್ನು ಸೆರಗಿಗೆ ಕಟ್ಟಿಕೊಂಡು ಹೊರಟೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಅವರು ಜೊತೆಗೆ ಬರುವ ಮಾತೇ ಇರಲಿಲ್ಲ. ಬೇಸಿಗೆ ಅಂದರೆ ಮದುವೆಗಳ ಕಾಲ, ಪಾತ್ರೆ ಅಂಗಡಿಗೆ ಸುಗ್ಗಿ. ಹೆಸರು ಕೊರೆಯುವ ಮಿಷನ್ನು ಬೆಳಗಿನಿಂದ ಸಂಜೆಯವರೆಗೆ ಟರ್ ಅನ್ನುತ್ತಲೇ ಇರುತ್ತದೆ. ಇಂಥವರಿಗೆ ಇಂಥವರಿಂದ ಅಂತ ಕೊರೆದು ಕೊರೆದು ಅವರ ಬೆರಳು ರಾತ್ರಿ ಅನ್ನ ಕಲಸುವಾಗಲೂ ನಡುಗುತ್ತಿರುತ್ತದೆ.

ಮೊದಲ ದಿನ ಬಸ್ಸಿಳಿದು ನೋಡಿದರೆ ಜಾಗವೇ ಕಾಣಲಿಲ್ಲ. ಆಳೆತ್ತರ ಲಂಟಾನ ಬೆಳೆದು ಕೋಣೆಯನ್ನು ನುಂಗಿಹಾಕಿತ್ತು. ಅಲ್ಲೇ ಹತ್ತಿರದ ಮನೆಯ ಲಕ್ಷ್ಮಕ್ಕ ಕೈಯಲ್ಲಿ ಕತ್ತಿ ಹಿಡಿದು ಬಂದಳು. ಅವಳ ಗಂಡ ಮಂಜಪ್ಪ ಗಾರೆ ಕೆಲಸದವನು. ಇಬ್ಬರೂ ಕೆಲಸಕ್ಕೆ ಒಪ್ಪಿದರು. ನಾನು ಚಪ್ಪಲಿ ಕಳಚಿ ಪೊದೆಯೊಳಗೆ ಕಾಲಿಡಬೇಕು, ಅಷ್ಟರಲ್ಲಿ ಲಕ್ಷ್ಮಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಎಣ್ಣೆ ಹಚ್ಚದೆ ದರಗಿಗೆ ಇಳಿಯಂಗಿಲ್ಲ ಅಕ್ಕ. ಉಣುಗು ಹತ್ತುತ್ತೆ. ಕ್ಯಾಸನೂರು ಏನು ದೂರ ಐತಾ ಇಲ್ಲಿಂದ?"

ಉಣುಗಿನಿಂದ ಹತ್ತುವ ಮಂಗನ ಕಾಯಿಲೆಯ ಹೆಸರು ಹೇಳುವುದಕ್ಕೂ ಆ ಕಡೆಯವರು ಹಿಂದೆ ಮುಂದೆ ನೋಡುತ್ತಾರೆ, ಊರಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ಆಸ್ಪತ್ರೆಯವರು ಕೊಟ್ಟಿದ್ದ ಎಣ್ಣೆಯನ್ನು ಅವಳೇ ನನ್ನ ಮೊಣಕಾಲಿನವರೆಗೆ ತಿಕ್ಕಿದಳು. ಅಮ್ಮ ಹೋದ ಮೇಲೆ ನನ್ನ ಕಾಲಿಗೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ಸುಮ್ಮನೆ ನಿಂತು ಹಚ್ಚಿಸಿಕೊಂಡೆ.

ಪೊದೆ ಕಡಿದು, ಒಣಗಿದ ಎಲೆಯ ದರಗನ್ನು ಗುಡ್ಡೆ ಹಾಕಿ, ನೆಲ ಕಾಣುವ ಹಾಗೆ ಮಾಡುವಷ್ಟರಲ್ಲಿ ನನ್ನ ಮೈಯೆಲ್ಲ ಗೀರು. ಆದರೆ ಪೊದೆ ಹೋದ ಮೇಲೆ ಎದುರಿಗೆ ಚಂದ್ರಗುತ್ತಿಯ ಗುಡ್ಡ ಕಾಣಿಸಿತು. ಸಂಜೆಯ ಬಿಸಿಲು ಅದರ ಬಂಡೆಯ ಮೇಲೆ ಬಿದ್ದು ಬೆಲ್ಲದ ಬಣ್ಣವಾಗಿತ್ತು. ಅವತ್ತೇ ಮಂಜಪ್ಪನಿಗೆ ಹೇಳಿ ಹಲಸಿನ ಮರದ ಕೆಳಗೆ ಗುಡ್ಡದ ಕಡೆ ಮುಖ ಮಾಡಿ ಒಂದು ಕಟ್ಟೆ ಕಟ್ಟಿಸಿದೆ. ಗೋಡೆ ಏಳುವ ಮುಂಚೆ ಕಟ್ಟೆ ಯಾಕೆ ಅಂತ ಅವನಿಗೆ ಆಶ್ಚರ್ಯ.

"ಎಷ್ಟು ಉದ್ದ ಮಾಡಣ್ರೀ?"

"ಇಬ್ರು ಕೂರೋವಷ್ಟು," ಅಂದೆ.

"ಯಜಮಾನ್ರು ಯಾವಾಗ ಬತ್ತಾರೆ?"

"ಮುಂದಿನ ವಾರ."

ದಿನಾ ಬಸ್ಸಿನಲ್ಲಿ ಹೋಗಿಬರುವುದು ಸ್ವಲ್ಪ ದಿನ ನಡೆಯಿತು. ಆಮೇಲೆ ಸೊರಬದ ನಿಲ್ದಾಣದಲ್ಲಿ ಬಿಸಿಲಲ್ಲಿ ಕಾದು ಕಾದು ತಲೆಸುತ್ತು ಬಂದು, ಕೋಣೆಗೆ ತಗಡು ಹೊದಿಸಿ ಬಾಗಿಲು ಕೂರಿಸಿದ ದಿನವೇ ಚಾಪೆ, ಸ್ಟವ್ವು ತಂದು ಅಲ್ಲೇ ಉಳಿದೆ. ಇವರು ಬೇಡ ಅನ್ನಲಿಲ್ಲ. ಅಂಗಡಿಯಲ್ಲಿ ಹಳಬನಾದ ರಫೀಕಣ್ಣನ ಮನೆಯಿಂದ ಮಧ್ಯಾಹ್ನದ ರೊಟ್ಟಿ ಬರುತ್ತದೆ, ರಾತ್ರಿ ಅನ್ನ ತಾನೇ ಮಾಡಿಕೊಳ್ಳುತ್ತೇನೆ ಅಂದರು. ನಾನಿಲ್ಲದೆ ಅವರಿಗೆ ಏನೂ ತೊಂದರೆಯಾಗಲಿಲ್ಲ ಅನ್ನುವುದು ನನಗೆ ಸಮಾಧಾನ ಆಗಬೇಕಿತ್ತು. ಹೊಟ್ಟೆ ಉರಿಯಿತು.

ಬೆಳಗಿನ ಹೊತ್ತು ಕೆಲಸದಲ್ಲಿ ಕಳೆದುಹೋಗುತ್ತಿತ್ತು. ಗುಂಡಿ ತೆಗೆಸಿ ಮಾವು, ನೇರಳೆ, ನಿಂಬೆ ಸಸಿ ನೆಟ್ಟು, ಲಕ್ಷ್ಮಕ್ಕನ ಬಾವಿಯಿಂದ ನೀರು ಹೊತ್ತು ಹಾಕುತ್ತಿದ್ದೆ. ಚಂದ್ರಗುತ್ತಿ ಗುಡ್ಡದ ಅಮ್ಮನವರ ಗುಡಿಗೆ ಹೋಗುವವರು ದಾರಿಯಲ್ಲಿ ನೀರು ಕೇಳುತ್ತಿದ್ದರು, ಅವರಿಗಾಗಿ ರಸ್ತೆಯ ಬದಿ ಒಂದು ಮಣ್ಣಿನ ಕೊಡ ಇಟ್ಟೆ. ಮಧ್ಯಾಹ್ನ ತಗಡು ಕಾದು ಟಕ್ ಟಕ್ ಸದ್ದು ಮಾಡುವಾಗ ಒಳಗೂ ಇರಲಾಗದೆ ಹೊರಗೂ ಇರಲಾಗದೆ ಕಟ್ಟೆಯ ಮೇಲೆ ಒಂದು ತುದಿಯಲ್ಲಿ ಕೂರುತ್ತಿದ್ದೆ. ಮಧ್ಯದಲ್ಲಿ ಕೂರಲು ಯಾಕೋ ಮನಸ್ಸಾಗುತ್ತಿರಲಿಲ್ಲ. ಅಭ್ಯಾಸಬಲ, ಅನ್ನವನ್ನು ಇಬ್ಬರಿಗೆ ಇಡುತ್ತಿದ್ದೆ. ಉಳಿದದ್ದು ಮಾರನೆಯ ದಿನ ಚಿತ್ರಾನ್ನ. ಆ ಬೇಸಿಗೆಯಲ್ಲಿ ನಾನು ತಿಂದ ಚಿತ್ರಾನ್ನವನ್ನು ಯಾವ ವೈರಿಯೂ ತಿನ್ನುವುದು ಬೇಡ.

ಸಂಜೆ ಅಂಗಡಿಗೆ ಫೋನು ಮಾಡುತ್ತಿದ್ದೆ.

"ಏನು?"

"ಏನಿಲ್ಲ. ಗುಡ್ಡ ಭಾಳ ಚೆಂದ ಕಾಣಸ್ತೈತಿ. ಈ ವಾರ ಬರ್ತೀರೇನು?"

"ಮುಹೂರ್ತ ಸಾಲಾಗಿ ಅದಾವ ಮಾರಾಯ್ತಿ. ಮುಂದಿನ ವಾರ ನೋಡೋಣ. ಇಡು, ಗಿರಾಕಿ ಬಂದಾರ."

ಗಿರಾಕಿ ಬಂದಾರ ಅನ್ನುವ ಮಾತಿಗೆ ಪಾತ್ರೆ ಅಂಗಡಿಯ ಹೆಂಡತಿ ಏನು ಉತ್ತರ ಕೊಡಲಾದೀತು? ಇಟ್ಟುಬಿಡುತ್ತಿದ್ದೆ. ಹೀಗೆ ಮುಂದಿನ ವಾರಗಳು ಮುಂದಕ್ಕೇ ಹೋದವು. ಒಂದು ದಿನ ಕೊಡ ಇಳಿಸುತ್ತಾ ಲಕ್ಷ್ಮಕ್ಕ ತಡೆದು ತಡೆದು ಕೇಳಿದಳು.

"ತಪ್ಪು ತಿಳ್ಕಬ್ಯಾಡಿ ಅಕ್ಕ. ಯಜಮಾನ್ರು... ಅದಾರಲ್ಲ?"

ನನಗೆ ನಗು ಬಂತು. "ಇದಾರೆ ಕಣೆ. ಗಟ್ಟಿಮುಟ್ಟಾಗಿ ಇದಾರೆ. ಶಿರಾಳಕೊಪ್ಪಕ್ಕೆ ಹೋಗಿ ನೋಡ್ಕೊಂಡು ಬಾ ಬೇಕಾದ್ರೆ." ಅವಳೂ ನಕ್ಕಳು. ಅವಳು ಹೋದ ಮೇಲೆ ನಾನು ಕುಂಕುಮದ ಡಬ್ಬಿ ತೆಗೆದು ಹಣೆಗೆ ಇನ್ನಷ್ಟು ದೊಡ್ಡದಾಗಿ ಇಟ್ಟುಕೊಂಡೆ. ಆಮೇಲೆ ನಗು ಬರಲಿಲ್ಲ.

ಬಿಸಿಲು ನೆತ್ತಿಯನ್ನೇ ಸುಡುವ ಹೊತ್ತಿಗೆ, ಒಂದು ಬೆಳಗ್ಗೆ ಬೇಲಿಯ ಮೂಲೆಯಲ್ಲಿ ಮಂಗ ಸತ್ತು ಬಿದ್ದಿತ್ತು. ಲಕ್ಷ್ಮಕ್ಕ ದೂರದಿಂದಲೇ ನೋಡಿ ಕೊಡ ಅಲ್ಲೇ ಇಟ್ಟು ಓಡಿದಳು. ಆರೋಗ್ಯ ಇಲಾಖೆಯವರು ಬಂದರು. ಪರೀಕ್ಷೆಗೆ ಏನೇನು ಬೇಕೋ ತೆಗೆದುಕೊಂಡು, ಮಂಗವನ್ನು ಸುಟ್ಟು, ಸುತ್ತ ಪುಡಿ ಎರಚಿದರು. ವರದಿ ಬರುವವರೆಗೆ ಆ ಕಡೆ ಹೋಗಬೇಡಿ, ಜ್ವರ ಬಂದರೆ ತಕ್ಷಣ ಬನ್ನಿ ಅಂದರು. ಮಂಜಪ್ಪ ರಸ್ತೆಯ ಆಚೆ ನಿಂತು, "ವರದಿ ಬರಲಿ ಅಕ್ಕ, ಆಮೇಲೆ ಬತ್ತೀವಿ. ಮಕ್ಕಳೊಂದಿಗರು ನಾವು," ಅಂದ. ಅವನ ಮಾತು ನ್ಯಾಯವಾದದ್ದೇ. ನೀರಿನ ಕೊಡದ ಹತ್ತಿರ ನಿಲ್ಲುತ್ತಿದ್ದ ದಾರಿಹೋಕರೂ ಯಾರದೋ ಬಾಯಲ್ಲಿ ಸುದ್ದಿ ಕೇಳಿ ಸರಸರ ನಡೆದುಬಿಡುತ್ತಿದ್ದರು. ಲಕ್ಷ್ಮಕ್ಕ ಬೆಳಗ್ಗೆ ಒಂದು ಕೊಡ ನೀರು, ಒಂದು ಲೋಟ ಹಾಲು ರಸ್ತೆಯ ಬದಿ ಇಟ್ಟು, ಕೂಗಿ ಹೇಳಿ ಹೋಗುತ್ತಿದ್ದಳು.

ಇವರಿಗೆ ಫೋನು ಮಾಡಿ ಹೇಳಿದೆ. ಈಗ ಬರುತ್ತೇನೆ ಅನ್ನುತ್ತಾರೆ, ಅಂಗಡಿ ಹಾಳಾಗಿ ಹೋಗಲಿ ಅನ್ನುತ್ತಾರೆ ಅಂತ ನನ್ನ ಹುಚ್ಚು ಮನಸ್ಸು.

"ಜ್ವರ ಗಿರ ಇಲ್ಲ ಅಲ್ಲ?"

"ಇಲ್ಲ."

"ಹಂಗಾರ ನಾಳೆ ರಫೀಕನ್ನ ಕಳಿಸ್ತೀನಿ. ಅವನ ಜೊತಿ ಬಂದುಬಿಡು."

ನನಗೆ ಎಲ್ಲಿತ್ತೋ ಸಿಟ್ಟು. "ರಫೀಕಣ್ಣ ನನ್ನ ಕೈ ಹಿಡ್ದಿಲ್ಲ, ಅವ್ನು ಬರೋದು ಬ್ಯಾಡ," ಅಂತ ಫೋನು ಇಟ್ಟೆ. ಬೀಗ ಹಾಕಿ ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಹೋಗಿಬಿಟ್ಟರೆ ಈ ಜಾಗವೂ ಹೋಯಿತು. ಅವರು ಯಾರಿಗಾದರೂ ಮಾರಿಬಿಡುತ್ತಾರೆ, ಕೂರೋಣ ಅನ್ನುವ ಮಾತು ಮತ್ತೆ ನಮ್ಮ ಮನೆಯಲ್ಲಿ ಹುಟ್ಟುವುದಿಲ್ಲ. ಅದಕ್ಕೇ ಉಳಿದೆ. ಭಯವಿತ್ತು. ರಾತ್ರಿ ಮಲಗುವ ಮುಂಚೆ ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹಗಲು ಸುಮ್ಮನಿರಲಾಗದೆ ಗೋಡೆಗೆ ನಾನೇ ಸುಣ್ಣ ಬಳಿದೆ. ಒಂದು ಸುತ್ತು ಮುಗಿದ ಮೇಲೆ ಬೇಡದಿದ್ದರೂ ಇನ್ನೊಂದು ಸುತ್ತು.

ಮಾತಾಡದೆ ಇರುವುದು ಎಷ್ಟು ಕಷ್ಟ ಅಂತ ಆಗಲೇ ಗೊತ್ತಾದದ್ದು. ನಾನು ಬಾಯಿ ಇರುವವಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಅಜ್ಜಿಯ ಊರಿನವರೆಗೂ ವಿಚಾರಿಸುವವಳು. ಅಂಥವಳು ನಿಂಬೆ ಗಿಡಕ್ಕೆ "ಉಂಡೇನೇ ತಾಯಿ" ಅನ್ನುವ ಸ್ಥಿತಿಗೆ ಬಂದೆ. ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ರಸ್ತೆಯ ಆಚೆ ನಿಂತಿದ್ದ ಲಕ್ಷ್ಮಕ್ಕನಿಗೆ ಕೂಗಿ, ಅವಳ ಫೋನನ್ನು ಕೊಡದ ಹತ್ತಿರ ಇಡಿಸಿ ಎತ್ತಿಕೊಂಡೆ. ನನ್ನದರಲ್ಲಿ ಮಾಡಿದರೆ ಇವರಿಗೆ ಗೊತ್ತಾಗುತ್ತಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ದನಿ ಸಣ್ಣ ಮಾಡಿ ಅಂಗಡಿಗೆ ಹಚ್ಚಿದೆ.

"ಇಡ್ಲಿ ಪಾತ್ರೆ ಐತೇನ್ರೀ ನಿಮ್ಮಲ್ಲಿ?"

"ಐತ್ರೀ ಅಕ್ಕಾರ," ಅಂದರು ನನ್ನ ಗಂಡ. ಆ ದನಿಯನ್ನು ಕೇಳಿ ಎಷ್ಟು ಕಾಲವಾಗಿತ್ತು. "ಮನ್ಯಾಗ ಎಷ್ಟು ಮಂದಿ ಅದೀರಿ?"

"ಇಬ್ರೇ ರೀ."

"ಇಬ್ರಿಗಾದ್ರ ದೊಡ್ಡದು ಬ್ಯಾಡ್ರಿ, ಗ್ಯಾಸು ದಂಡ. ಸಣ್ಣದು ತಗರಿ, ತಳ ದಪ್ಪ ಇರೋದು. ತಳ ತೆಳ್ಳಗಿದ್ರ ನೀರು ಬತ್ತಿ ಸೀದು ಹೋಕ್ಕತಿ. ಮುಚ್ಚಳದಾಗ ತೂತು ಇರ್ಬೇಕ್ರಿ, ಇಲ್ಲಾಂದ್ರ ಬೆವರಿನ ನೀರು ಇಡ್ಲಿ ಮ್ಯಾಲೆ ಬೀಳತೈತಿ."

ಅವರು ಹೇಳುತ್ತಾ ಹೋದರು. ಇಡಲಿಲ್ಲ, ಅವಸರ ಮಾಡಲಿಲ್ಲ, ಗಿರಾಕಿ ಬಂದಾರ ಅನ್ನಲಿಲ್ಲ. ಗಿರಾಕಿ ನಾನೇ ಆಗಿದ್ದೆನಲ್ಲ. ಕಟ್ಟೆಯ ಮೇಲೆ ಕೂತು ಹೂಂ, ಹೂಂ ಅನ್ನುತ್ತಾ ಕೇಳಿದೆ. ಕೊನೆಗೆ, "ಬರ್ರಿ ಅಕ್ಕಾರ ಅಂಗಡಿಗೆ, ತೆಗೆದಿಟ್ಟಿರ್ತೀನಿ," ಅಂದರು. ಬರ್ತೀನ್ರೀ ಅಂತ ಫೋನು ಇಟ್ಟು ಅತ್ತುಬಿಟ್ಟೆ. ರಸ್ತೆಯ ಆಚೆಯಿಂದ ಲಕ್ಷ್ಮಕ್ಕ, "ಏನಾತು ಅಕ್ಕ, ಯಾರಿಗೇನಾತು?" ಅಂತ ಕೂಗುತ್ತಿದ್ದಳು.

ವರದಿ ಬಂತು. ಕಾಯಿಲೆಯ ಮಂಗ ಅಲ್ಲವಂತೆ, ಕರೆಂಟಿನ ತಂತಿ ತಗುಲಿ ಸತ್ತಿದ್ದಂತೆ. ಮಂಜಪ್ಪ ಮರುದಿನವೇ ಬಂದು ಜಂಬಿಟ್ಟಿಗೆ ಕಲ್ಲು ಇಳಿಸಿದ. ಅಡುಗೆಗೆ ಒಂದು ಮೂಲೆ ಎದ್ದಿತು, ನೆಲ ಆಯಿತು, ಕಿಟಕಿ ಕೂತಿತು. ಬಟ್ಟೆ ತರಲು ನಾನು ಶಿರಾಳಕೊಪ್ಪಕ್ಕೆ ಹೋದ ದಿನ ಅಂಗಡಿಯಲ್ಲಿ ಒಂದು ಒಳ್ಳೆಯ ಡಬರಿ ಆರಿಸಿ ಇವರ ಮುಂದಿಟ್ಟೆ.

"ಹಾಲು ಉಕ್ಸಾಕೆ. ಹೆಸರು ಹಾಕಿ ಕೊಡ್ರಿ. ಇಬ್ರದೂ."

"ಇಬ್ರದು ಯಾಕ? ಇದೇನು ಉಡುಗೊರೆ ಕೊಡೋ ಪಾತ್ರೇನು?" ಅಂದರೂ ಮಿಷನ್ನು ಎತ್ತಿಕೊಂಡರು. ಊರಿನವರ ಹೆಸರನ್ನೆಲ್ಲ ಕೊರೆದ ಕೈ ನಮ್ಮಿಬ್ಬರ ಹೆಸರನ್ನು ಅಕ್ಕಪಕ್ಕ ಕೊರೆದದ್ದು ಅದೇ ಮೊದಲು. ಗಿರಿಜಾ, ಪಂಚಾಕ್ಷರಿ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ, ಮದುವೆಯ ಹೊಸದರಲ್ಲಿ ತವರಿನಿಂದ ಬಂದ ದಿನ ನೆನಪಾಗಿ ಒಬ್ಬಳೇ ನಕ್ಕೆ.

ಮುಹೂರ್ತಗಳು ಮುಗಿದವು. ಮೋಡ ದಿನಾ ಸಂಜೆ ಗುಡ್ಡದ ಹಿಂದೆ ಕಟ್ಟಿ, ಗುಡುಗಿ, ಸೆಕೆಯನ್ನು ಇನ್ನಷ್ಟು ಕುದಿಸಿ ಹೋಗುತ್ತಿತ್ತು. ಕಡೆಗೆ ಒಂದು ದಿನ ಇವರೇ ಫೋನು ಮಾಡಿದರು. "ನಾಳೆ ಬರ್ತೀನಿ. ಹಾಲಿಗೆ ಹೇಳಿಡು."

ಬಸ್ಸಿನಿಂದ ಇಳಿದ ಇವರನ್ನು ಕಂಡಾಗ ನನಗೆ ಗುರುತೇ ಸಿಗಲಿಲ್ಲ ಅನ್ನಬೇಕು. ಗಲ್ಲಾದ ಹಿಂದೆ ಅಲ್ಲದೆ ಬೇರೆಲ್ಲೂ ನಿಂತು ಗೊತ್ತಿಲ್ಲದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪೇಪರು ಸುತ್ತಿದ ಒಂದು ಗಂಟು. ಮುಖ ಮಾತ್ರ ಬಾಡಿತ್ತು.

"ಯಾಕ್ರೀ, ಮೈಯಾಗ ಆರಾಮಿಲ್ಲೇನು?"

"ಇವತ್ತು ಬೋಣಿ ಆಗ್ಲಿಲ್ಲ," ಅಂದರು. "ಬಾಗಿಲು ತೆಗೆದು ಕಾದೆ, ಕಾದೆ. ಒಬ್ರೂ ಬರ್ಲಿಲ್ಲ. ಬಸ್ಸಿನ ಹೊತ್ತಾತು. ಹಂಗೇ ಎದ್ದು ಬಂದೆ."

ಮಗಳ ಮದುವೆಗೂ ಬೋಣಿ ಮುಗಿಸಿಯೇ ಬಂದವರು ಬೋಣಿಯಿಲ್ಲದೆ ಈ ಬಂಜರು ಜಾಗಕ್ಕೆ ಎದ್ದು ಬಂದಿದ್ದರು. ಅದಕ್ಕಿಂತ ಹೆಚ್ಚಿನದನ್ನು ಅವರಿಂದ ನಾನು ಕೇಳಿದವಳೂ ಅಲ್ಲ, ಕೇಳುವವಳೂ ಅಲ್ಲ. ಅವರು ಗಂಟು ಬಿಚ್ಚಿದರು. ಒಳಗೆ ಸಣ್ಣ ಇಡ್ಲಿ ಪಾತ್ರೆ. ತಳ ದಪ್ಪ, ಮುಚ್ಚಳದಲ್ಲಿ ತೂತು.

"ಯಾರೋ ಅಕ್ಕ ಫೋನಿನಾಗ ಕೇಳಿದ್ರು. ತೆಗೆದಿಟ್ಟಿದ್ದೆ. ಬರ್ಲೇ ಇಲ್ಲ," ಅಂದರು, ಗುಡ್ಡದ ಕಡೆ ನೋಡುತ್ತಾ.

ಆ ಅಕ್ಕ ನಾನೇ ಅಂತ ಇವರಿಗೆ ಗೊತ್ತಿತ್ತೋ, ಇರಲಿಲ್ಲವೋ, ಕೇಳಲು ಧೈರ್ಯ ಬರಲಿಲ್ಲ. ಹಾಲು ತರುತ್ತೇನೆ ಅಂತ ಲಕ್ಷ್ಮಕ್ಕನ ಮನೆಯ ಕಡೆ ಹೊರಟುಬಿಟ್ಟೆ.

ಎಮ್ಮೆ ಸೊರೆ ಬಿಡದೆ, ಹಾಲು ಇಳಿಸದೆ ತಡವಾಯಿತು. ಹಾಲಿನ ತಂಬಿಗೆ ಹಿಡಿದು ಬರುವಾಗ ದೂರದಿಂದಲೇ ಕಾಣಿಸಿತು. ಗುಡಿಗೆ ಹೋಗುವ ಒಂದು ಮನೆಯವರು ನಮ್ಮ ನೀರಿನ ಕೊಡದ ಹತ್ತಿರ ನಿಂತಿದ್ದರು. ಇವರು ರಸ್ತೆಯ ಬದಿ ನೆಟ್ಟಗೆ ನಿಂತು, ಬೆರಳ ಗೆಣ್ಣಿನಿಂದ ಏನನ್ನೋ ಬಡಿದು ಠಣ್ ಅನ್ನಿಸಿ ತೋರಿಸುತ್ತಿದ್ದರು. ನಾನು ಹತ್ತಿರ ಬರುವಷ್ಟರಲ್ಲಿ ಆ ಮನೆಯವರು ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿಬಿಟ್ಟಿದ್ದರು. ಇವರ ಮುಖ ಅರಳಿತ್ತು. ಬಂದಾಗಿನ ಮನುಷ್ಯನೇ ಅಲ್ಲ.

"ಬೋಣಿ ಆತು ನೋಡು," ಅಂದರು. "ಅಮ್ಮಗ ಹರಕಿ ಪಾಯಸ ಮಾಡೋರಂತ. ಪಾತ್ರೆ ಬಸ್ಸಿನಾಗ ಬಿಟ್ಟು ಬಂದಾರ ಪಾಪ. ಡಬರಿ ಕೊಟ್ಟೆ."

"ಯಾವ ಡಬರಿ?"

ಅವರು ಉತ್ತರ ಕೊಡುವ ಮುಂಚೆಯೇ ನನಗೆ ಗೊತ್ತಾಯಿತು. ರಂಗೋಲಿ ಹಾಕಿ, ಹೊಸ ಒಲೆಯ ಮೇಲೆ ಅರಿಶಿನ ಕುಂಕುಮ ಹಚ್ಚಿ ಇಟ್ಟುಹೋಗಿದ್ದೆ. ಒಲೆ ಖಾಲಿಯಿತ್ತು.

"ಅದ್ರ ಮ್ಯಾಲೆ ನಮ್ಮ ಹೆಸರಿತ್ತಲ್ರೀ."

"ಹೆಸರಿದ್ರೇನಾತು, ಪಾತ್ರೆ ಪಾತ್ರೇನ. ನಾಳೆ ಇನ್ನೊಂದಕ್ಕ ಹಾಕಿ ಕೊಡ್ತೀನಿ."

ಬೇಸಿಗೆಯಿಡೀ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. "ಅದೇ ಬೇಕಿತ್ತೇನ್ರೀ ನಿಮಗ ಮಾರಾಕ? ಇಡ್ಲಿ ಪಾತ್ರೆ ಇರ್ಲಿಲ್ಲೇನು ಅಲ್ಲೇ, ಕಣ್ಮುಂದ? ಅದನ್ನ ಕೊಡಬಾರ್ದಿತ್ತೇನು?"

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅದನ್ನ ಹೆಂಗ ಕೊಡ್ಲಿ?" ಅಂದರು. "ಅದು ನಿನಗಂತ ತಂದದ್ದು."

ಆ ಮಾತಿಗೆ ನನ್ನ ಸಿಟ್ಟು ಎಲ್ಲಿ ಹೋಗಿ ಕೂರಬೇಕೋ ತಿಳಿಯದೆ ತಬ್ಬಿಬ್ಬಾಯಿತು. ಹಾಲನ್ನು ಇಡ್ಲಿ ಪಾತ್ರೆಯ ತ‍ಳಕ್ಕೇ ಸುರಿದೆ. ಇಬ್ಬರೂ ಒಲೆಯ ಮುಂದೆ ಕೂತೆವು. ಹಾಲು ಏರಿ ಬಂದು ಪೂರ್ವದ ಕಡೆಗೇ ಉಕ್ಕಿತು. ಇವರು ಕೈಮುಗಿದು, "ಈಗ ಸರಿ ಹೋತು. ಮನೀಗೂ ಬೋಣಿ ಆತು," ಅಂದರು. ಅವರಿಗೆ ಗೊತ್ತಿದ್ದ ದೊಡ್ಡ ಆಶೀರ್ವಾದವೇ ಅದು ಅಂತ ನನಗೆ ಆಗ ಹೊಳೆಯಿತು. ಆದರೂ ಆ ಡಬರಿ ನನ್ನ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

ಲಕ್ಷ್ಮಕ್ಕ, ಮಂಜಪ್ಪ ಬಂದು ಊಟ ಮಾಡಿದರು. ಲಕ್ಷ್ಮಕ್ಕ ಇವರನ್ನು ಮೇಲಿಂದ ಕೆಳಗೆ ನೋಡಿ, "ಅಂತೂ ಅದಾರೆ," ಅಂತ ನನ್ನ ಕಿವಿಯಲ್ಲಿ ಅಂದು ಬಾಯಿಗೆ ಸೆರಗು ಇಟ್ಟುಕೊಂಡಳು. ಅವರು ಹೋದ ಮೇಲೆ ಇವರನ್ನು ಕಟ್ಟೆಯ ಮೇಲೆ ಕೂರಿಸಿದೆ. ನಾನು ನನ್ನ ತುದಿಯಲ್ಲಿ, ಅವರು ಅವರ ತುದಿಯಲ್ಲಿ. ಮರದಲ್ಲಿ ಹಲಸಿನ ಹಣ್ಣು ಬಲಿತು ಘಮ್ಮೆನ್ನುತ್ತಿತ್ತು.

"ಇವತ್ತೊಂದಿನ ಇರ್ರಿ," ಅಂದೆ.

"ನೋಡೋಣ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಸಂಜಿ ಬಸ್ಸಿಗೆ ಎಬ್ಬಿಸು," ಅಂದರು. ಅಲ್ಲೇ ಅಡ್ಡಾದರು.

ನಿದ್ದೆ ಅಂದರೆ ಅಂಥ ನಿದ್ದೆ. ಹಗಲು ಹೊತ್ತು ಇವರು ಮಲಗಿದ್ದನ್ನು ನಾನು ಜ್ವರದಲ್ಲಿ ಬಿಟ್ಟರೆ ನೋಡಿಯೇ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಮಿಷನ್ನು ಹಿಡಿಯುವ ಬೆರಳುಗಳು ಎದೆಯ ಮೇಲೆ ನಡುಗದೆ ಸುಮ್ಮನಿದ್ದವು. ಕಾಲು ಚಾಚಿದ್ದರಿಂದ ಕಟ್ಟೆಯ ಮೇಲೆ ನನಗೆ ಜಾಗ ಉಳಿದಿರಲಿಲ್ಲ. ಕೆಳಗೆ ನೆಲದ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿದೆ. ಗುಡ್ಡದ ಹಿಂದೆ ಮೋಡ ಕಪ್ಪಾಗುತ್ತಾ ಬಂತು. ನಾನು ಬೇಸಿಗೆಯಿಡೀ ಕಾದದ್ದು ಇದಕ್ಕೇ. ನಾವಿಬ್ಬರೇ, ಸುಮ್ಮನೆ. ಸಿಕ್ಕಾಗ ಒಬ್ಬರಿಗೆ ಎಚ್ಚರವಿರಲಿಲ್ಲ, ಅಷ್ಟೆ.

ಬಸ್ಸಿನ ಹಾರನ್ನು ಊರ ಕಡೆಯಿಂದ ಕೇಳಿತು. ತಿರುವು ದಾಟಿ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಸುಮ್ಮನೆ ಕೂತಿದ್ದರೆ ಅದು ಹೋಗಿಬಿಡುತ್ತಿತ್ತು. ಅದು ಬಿಟ್ಟರೆ ಆ ದಿನಕ್ಕೆ ಬೇರೆ ಬಸ್ಸಿಲ್ಲ. ಅವರು ಎದ್ದು ಎರಡು ಮಾತು ಬಯ್ಯುತ್ತಿದ್ದರು, ಬಯ್ಯಲಿ. ಮಳೆ ಬರುತ್ತಿತ್ತು. ಒಂದೇ ಚಾಪೆಯಿತ್ತು. ಆದರೆ ನಾಳೆ ಬೆಳಗ್ಗೆ ಬೋಣಿಯ ಹೊತ್ತಿಗೆ ಈ ಮನುಷ್ಯ ಅಂಗಳದಲ್ಲಿ ಅತ್ತ ಇತ್ತ ಓಡಾಡುವುದನ್ನು ನಾನು ನೋಡಬೇಕಾಗುತ್ತಿತ್ತು. ಇಲ್ಲಿದ್ದೂ ಇಲ್ಲಿ ಇಲ್ಲದ ಗಂಡನನ್ನು ಇಟ್ಟುಕೊಂಡು ಏನು ಮಾಡಲಿ ಅನ್ನಿಸಿತು. ಭುಜ ಹಿಡಿದು ಅಲುಗಿಸಿದೆ.

ಕಣ್ಣು ಬಿಟ್ಟವರೇ, "ಬಸ್ಸು ಹೋತೇನು?" ಅಂದರು.

ಆ ದನಿಯಲ್ಲಿ ಗಾಬರಿ ಇರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ, ಇರಲಿಲ್ಲ. ಹೋಗಿದ್ದರೆ ಹೋಗಲಿ ಅನ್ನುವ ಹಾಗೆ, ಹೋಗಿರಲಿ ಅನ್ನುವ ಹಾಗೆ ಕೂಡ, ಇನ್ನೂ ಮಲಗಿಯೇ ಕೇಳಿದ್ದರು.

"ಇಲ್ಲ, ಬರ್ತಾ ಐತಿ. ಏಳ್ರಿ," ಅಂದೆ.

ಎದ್ದರು. ಚಪ್ಪಲಿ ಮೆಟ್ಟಿಕೊಂಡು, ಮುಖಕ್ಕೆ ಕೊಡದ ನೀರು ಹಾಕಿಕೊಂಡು, ಕೈ ತೋರಿಸಿ ಬಸ್ಸು ನಿಲ್ಲಿಸಿದರು. ಹತ್ತುವ ಮುಂಚೆ ತಿರುಗಿ, "ಬಾಗಿಲು ಮುಂದ ಮಾಡ್ಕೊ. ಮಳಿ ಬರತೈತಿ," ಅಂದರು. ಬಸ್ಸು ಸೊರಬದ ದಾರಿ ಹಿಡಿಯಿತು. ಧೂಳು ಇನ್ನೂ ಇಳಿದಿರಲಿಲ್ಲ, ದೊಡ್ಡ ದೊಡ್ಡ ಹನಿ ಬೀಳತೊಡಗಿದವು. ಕಟ್ಟೆಯ ಮೇಲೆ ಅವರು ಮಲಗಿದ್ದ ಕಡೆ ಒಂದಿಷ್ಟು ಹೊತ್ತು ಒಣಗಿಯೇ ಇತ್ತು, ಮರದ ಎಲೆ ತಡೆದಿತ್ತು. ಆಮೇಲೆ ಅಲ್ಲೂ ನೆನೆಯಿತು.

ಅದಾಗಿ ಎಷ್ಟೋ ಬೇಸಿಗೆ ಕಳೆದಿವೆ. ಪ್ರತಿ ಬೇಸಿಗೆ ನಾನು ಬರುತ್ತೇನೆ. ಪ್ರತಿ ಸಲವೂ ಅವರು ಒಂದು ಪಾತ್ರೆ ಕಟ್ಟಿ ಕೊಡುತ್ತಾರೆ. ಇವತ್ತು ಬಿಚ್ಚಿದರೆ ಇಬ್ಬರಿಗಾಗುವಷ್ಟು ಸಾರಿನ ಪಾತ್ರೆ. ಕಂಠದ ಸುತ್ತ ಅದೇ ಎರಡು ಹೆಸರು. ಶೆಲ್ಫಿನಲ್ಲಿ ಜಾಗ ಸಾಲದೆ ಈಗ ಮಂಚದ ಕೆಳಗೂ ಜೋಡಿಸಿದ್ದೇನೆ. ಹೆಸರಿಲ್ಲದ್ದು ಇಡ್ಲಿ ಪಾತ್ರೆ ಒಂದೇ. ನಿಂಬೆ ಗಿಡ ಕಾಯಿ ಬಿಟ್ಟಿದೆ, ಮಾವು ನನಗಿಂತ ಎತ್ತರ ಬೆಳೆದಿದೆ, ಲಕ್ಷ್ಮಕ್ಕ ಹಾಲು ತಂದು ಕೊಟ್ಟು ಹೋದಳು. ಕಟ್ಟೆ ಗುಡಿಸಿ ನನ್ನ ತುದಿಯಲ್ಲಿ ಕೂತಿದ್ದೇನೆ. ಇನ್ನೊಂದು ಸಲ ಅವರು ಬಂದು ಇಲ್ಲಿ ಮಲಗಿದರೆ, ಬಸ್ಸು ಹೋಗಿ ಧೂಳು ಇಳಿಯುವವರೆಗೂ ಎಬ್ಬಿಸಬಾರದು ಅಂತ ಅಂದುಕೊಂಡಿದ್ದೇನೆ. ಇನ್ನೂ ಬಂದಿಲ್ಲ.